ಕೊನೆಯ ಪುಟದ ಬಲೂನು

ಜೂನ್ ೧೨

ಗೀಚುಗಾತಿಗೆ,

ಫೋನಿರುವಾಗ ಕಾಗದ ಯಾಕೆ ಎಂದು ನೀನು ಮೂಗು ಮುರಿಯುವ ಮೊದಲೇ ಹೇಳಿಬಿಡುತ್ತೇನೆ. ನನ್ನ ಮಗಳಿಗೆ ಏಳು ತುಂಬಿದ ಮೇಲೆ ಮೈಯೆಲ್ಲ ಕಿವಿ. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿನ್ನ ಹತ್ತಿರ ಪಿಸುಗುಟ್ಟಿದರೂ, ಹೊರಗೆ ಬಂದರೆ ಬಾಗಿಲಲ್ಲೇ ನಿಂತಿರುತ್ತಾಳೆ, "ಚಿಕ್ಕಮ್ಮ ಏನಂದ್ರು?" ಅಂತ. ಅವಳಪ್ಪ ಸುಮ್ಮನೆ ಮೆಣಸು ಎಂದು ಕರೆದರೇ? ನನ್ನ ಕೋಳಿಕಾಲಿನ ಅಕ್ಷರ ಮಾತ್ರ ಅವಳಿಗಿನ್ನೂ ಓದಲು ಬರುವುದಿಲ್ಲ. ಹಾಗಾಗಿ ಇನ್ನು ಹೊಟ್ಟೆಯೊಳಗಿನದೆಲ್ಲ ಕಾಗದದಲ್ಲಿ.

ಈ ಸಲ ಹೊಟ್ಟೆಯೊಳಗಿರುವುದು ಬರೀ ವಾಕರಿಕೆ. ನಮ್ಮ ಹೆಡ್ ಮೇಡಂಗೆ ಎಲ್ಲಿಂದ ಈ ಐಡಿಯಾ ಹೊಳೆಯಿತೋ, ಲೈಬ್ರರಿಯಲ್ಲಿ ಮಹಾಮಾರಿಯ ಪುಸ್ತಕಗಳಿಗೇ ಒಂದು ಶೆಲ್ಫ್ ಮಾಡಿ ಎಂದು ಅಪ್ಪಣೆಯಾಗಿದೆ. ಪುಟ್ಟ ಮಕ್ಕಳ ಚಿತ್ರಪುಸ್ತಕಗಳು. ಪಾರ್ಸಲ್ ಮೇಲೆ ಪಾರ್ಸಲ್ ಬರುತ್ತಿದೆ. ನಾನು ಲೈಬ್ರರಿಯನ್, ಬಂದದ್ದನ್ನು ಓದಲೇಬೇಕಲ್ಲ, ಓದಿದೆ. ವೈರಾಣುವಿಗೆ ಉದ್ದುದ್ದ ಕಣ್ಣೆವೆಗಳು! ಒಂದರಲ್ಲಂತೂ ಅದಕ್ಕೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆ. ಮೊಲ ಮಾಸ್ಕ್ ಹಾಕಿಕೊಂಡಿದೆ, ಆನೆಗಳು ದೂರ ದೂರ ಕೂತಿವೆ, ಕರಡಿಯ ಕುಟುಂಬ ಮನೆಯೊಳಗಿದ್ದು ಕೇಕ್ ಮಾಡುತ್ತಿದೆ. ಎಲ್ಲರ ಮನೆಯಲ್ಲೂ ಹಿತ್ತಲು, ಉಯ್ಯಾಲೆ. ಡಾಕ್ಟರ್ ಬೆನ್ನಿಗೆ ಸೂಪರ್‌ಹೀರೋಗಳ ಹಾಗೆ ಹಾರುವ ಬಟ್ಟೆ, ನರ್ಸ್ ಬೆನ್ನಿಗೂ ಹಾರುವ ಬಟ್ಟೆ. ಊರೆಲ್ಲ ಬಾಲ್ಕನಿಗೆ ಬಂದು ಚಪ್ಪಾಳೆ ತಟ್ಟುತ್ತಿದೆ. ಪದ್ಯಗಳನ್ನು ಕೇಳಬೇಕು ನೀನು:

ಗುಳುಗುಳು ಗುಳ್ಳೆ, ಸೋಪಿನ ನೊರೆ,
ಸೋಂಕಿನ ಮರಿಯೇ, ನಮ್ಮನು ತೊರೆ!

ತೊರೆಯಂತೆ! ಇದನ್ನು ಬರೆದವನ ಕಿವಿ ಹಿಂಡಬೇಕು. ಇಷ್ಟು ರಾಶಿ ಪುಸ್ತಕದಲ್ಲಿ ಒಬ್ಬರೂ ಸತ್ತಿಲ್ಲ. ಒಬ್ಬರಿಗೂ ಉಸಿರು ಸಿಕ್ಕಿಕೊಂಡಿಲ್ಲ. ಆಸ್ಪತ್ರೆಯ ಗೇಟಿನ ಹೊರಗೆ ಯಾರೂ ನಿಂತಿಲ್ಲ. ನಿನ್ನ ಭಾವ ತೀರಿಕೊಂಡು ಎರಡು ವರ್ಷವಾಯಿತು. ಆ ಎರಡು ವಾರ ನಾನು ಕಂಡ ಜಗತ್ತು ಇವರ್ಯಾರಿಗೂ ಕಂಡೇ ಇಲ್ಲವೇ, ಕಂಡೂ ಅದರ ಮೇಲೆ ಸಕ್ಕರೆ ಸುರಿದರೇ? ಪುಟ ತಿರುಗಿಸಿದ ಕೈ ಅಂಟಂಟಾದ ಹಾಗಾಗಿ ಎದ್ದು ತೊಳೆದುಕೊಂಡು ಬಂದೆ.

ಕೈ ತೊಳೆಯುವುದೆಂದರೆ ನೆನಪಾಯಿತು. ಈ ಪುಸ್ತಕಗಳಿಂದ ಒಂದು ಉಪಕಾರವಾಗಿದೆ. ಶಾಲೆ ಬಿಟ್ಟ ಮೇಲೆ ನನ್ನ ಕೆಲಸ ಮುಗಿಯುವವರೆಗೆ ಮೆಣಸು ಲೈಬ್ರರಿಯ ಮೇಜಿನ ಕೆಳಗೆ ಕೂತು ಬಂದ ಪಾರ್ಸಲ್‌ಗಳನ್ನೆಲ್ಲ ಬಿಚ್ಚಿ ಓದುತ್ತಾಳೆ. ನಲ್ಲಿಯ ಹತ್ತಿರ ಕೈಹಿಡಿದು ಎಳೆದುಕೊಂಡು ಹೋಗಬೇಕಿದ್ದ ಹುಡುಗಿ ಈಗ ತಾನಾಗಿಯೇ ಹೋಗಿ ತೊಳೆದುಕೊಳ್ಳುತ್ತಾಳೆ. ಅಷ್ಟಾದರೂ ಆಯಿತಲ್ಲ.

ನೀನು ಚಿತ್ರ ಬರೆದ, ಬಹುಮಾನ ಬಂದಿರುವ ಪುಸ್ತಕ ನನ್ನ ಕೈಗಿನ್ನೂ ಸಿಕ್ಕಿಲ್ಲ. ಯಾವುದೋ ಪಾರ್ಸಲ್‌ನಲ್ಲಿ ಇರಬೇಕು. ನಿನ್ನದು ಈ ಜಾತಿಯದ್ದಾಗಿರಲಾರದು ಎಂದು ನಂಬಿಕೊಂಡಿದ್ದೇನೆ.

ನಿನ್ನ ಅಕ್ಕ


ಜೂನ್ ೨೨

ಅಕ್ಕಾ,

ನಿನ್ನ ಕಾಗದ ಓದಿ ನಕ್ಕೆ, ಆಮೇಲೆ ಸ್ವಲ್ಪ ಹೆದರಿದೆ. ಗುಳಿ ಬೀಳುವ ವೈರಾಣು ನನ್ನದಲ್ಲ, ದೇವರಾಣೆ. ಆದರೆ ಹಾರುವ ಬಟ್ಟೆ ನನ್ನ ಪುಸ್ತಕದಲ್ಲೂ ಒಂದು ಇದೆ. ಹಾಕಲ್ಲ ಅಂದೆ. ನಮ್ಮ ಪ್ರಕಾಶನದ ಗುಲಾಬಿ ಮೇಡಂ ಬಿಡಬೇಕಲ್ಲ! ಆಕೆಗೆ ನಾನಿಟ್ಟ ಹೆಸರು ಅದು. ಏನು ತೋರಿಸಿದರೂ ತಲೆ ಓರೆ ಮಾಡಿ, "ಚೆನ್ನಾಗಿದೆ, ಇನ್ನೊಂಚೂರು ಗುಲಾಬಿ ಹಾಕೋಣ" ಅನ್ನುತ್ತಾರೆ. ಆಸ್ಪತ್ರೆಯ ಗೋಡೆಗೆ ಗುಲಾಬಿ, ಆಂಬ್ಯುಲೆನ್ಸ್‌ಗೂ ಗುಲಾಬಿ ಪಟ್ಟೆ. ಕಥೆ ಬರೆಯುವುದೂ ಅವರೇ. ನಾನು ಬಣ್ಣ ಹಚ್ಚುವ ಕೂಲಿ.

ನೀನು ಬೈಯುವುದೇನೋ ಸರಿ. ಆದರೆ ನಾಲ್ಕು ವರ್ಷದ ಮಗುವಿನ ಕೈಗೆ ಏನು ಕೊಡಬೇಕು ಹೇಳು? ಗೇಟಿನ ಹೊರಗೆ ನಿಂತವರ ಚಿತ್ರವನ್ನೇ? ಮಲಗುವ ಹೊತ್ತಿಗೆ ಓದಿ ಹೇಳುವ ಪುಸ್ತಕ ಕಣೇ ಅದು. ಬೇಜಾರು ಮಾಡಿಕೊಳ್ಳಬೇಡ, ಕೇಳಿಯೇಬಿಡುತ್ತೇನೆ: ನೀನು ಮೆಣಸಿಗೆ ಏನೆಂದು ಹೇಳಿದ್ದೀಯ? ಎರಡು ವರ್ಷದಲ್ಲಿ ನನಗಂತೂ ನೀನು ಅದನ್ನು ಹೇಳಿಲ್ಲ.

ನನ್ನ ಕೆಲಸದ ಚಾಳಿ ನಿನಗೆ ಗೊತ್ತಲ್ಲ, ಮುಖಗಳನ್ನು ತಲೆಯಿಂದ ಬರೆಯಲು ನನಗೆ ಬರುವುದಿಲ್ಲ. ಮನೆಯವರ ಫೋಟೋ ಮುಂದಿಟ್ಟುಕೊಂಡೇ ಬರೆಯಬೇಕು. ಹಳೆಯ ಪುಸ್ತಕಗಳಲ್ಲಿ ಕಪ್ಪೆರಾಜನ ಮಂತ್ರಿಗೆ ನಮ್ಮಪ್ಪನ ಗಲ್ಲ, ಬಾವಿಯ ಮಾಟಗಾತಿಗೆ ನಿನ್ನ ಹುಬ್ಬು. (ಆಗ ನೀನು ಒಂದು ತಿಂಗಳು ಮಾತು ಬಿಟ್ಟಿದ್ದೆ.) ಈ ಪುಸ್ತಕದಲ್ಲೂ ನಮ್ಮವರೊಬ್ಬರಿದ್ದಾರೆ. ಹೇಳುವುದಿಲ್ಲ, ನೀನೇ ನೋಡು. ತುಂಬ ಪ್ರೀತಿಯಿಂದ ಬರೆದದ್ದು. ಅವರ ಕನ್ನಡಕದ ಹೊಳಪು ಬರುವವರೆಗೂ ಹಾಳೆ ಹರಿದು ಹರಿದು ಹಾಕಿದ್ದೇನೆ. ನೋಡಿದ ಮೇಲೆ ಬೈಯದೆ ಒಂದು ಕಾಗದ ಹಾಕು.

ಮೆಣಸಿಗೆ ಮುತ್ತು.

ನಿನ್ನ ತಂಗಿ


ಜುಲೈ ೩

ನೋಡಿದೆ.

ಪಾರ್ಸಲ್‌ನಲ್ಲಿ ಸಿಕ್ಕಲಿಲ್ಲ. ಮಗಳ ಹಾಸಿಗೆಯ ಕೆಳಗೆ, ಹಳೆ ಟವೆಲ್‌ನಲ್ಲಿ ಸುತ್ತಿಟ್ಟಿದ್ದು ಸಿಕ್ಕಿತು. ಲೈಬ್ರರಿಯಿಂದ ಕದ್ದು ತಂದಿದ್ದಾಳೆ, ನನ್ನ ಮಗಳು, ಲೈಬ್ರರಿಯನ್ ಮಗಳು. ಬೆಡ್‌ಶೀಟ್ ಬದಲಿಸಲು ಹಾಸಿಗೆ ಎತ್ತಿದಾಗ ಜಾರಿ ಬಿತ್ತು. ಮೊದಲು ನಿನ್ನ ಹೆಸರು ನೋಡಿದೆ. ಪುಟ ತಿರುಗಿಸಿದೆ. ಅಲ್ಲಿ ಅವರು ಕೂತಿದ್ದರು.

ಅದೇ ಉದ್ದ ಮೂಗು. ಕನ್ನಡಕವನ್ನು ಅರ್ಧ ಜಾರಿಸಿ ಮೇಲುಗಡೆಯಿಂದ ನೋಡುವುದು. ಔಷಧಿ ಅಂಗಡಿಗೆ ಹಾಕಿಕೊಂಡು ಹೋಗುತ್ತಿದ್ದ ಚೌಕುಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ನೀನು ಚೆನ್ನಾಗಿ ಬರೆಯುತ್ತೀಯ ಕಣೇ, ಅದೇ ಕಷ್ಟ. ಒಂದು ಗಳಿಗೆ ನಾನು ಮಾತಾಡಿಸಿಬಿಡುತ್ತಿದ್ದೆ.

ಆಮೇಲೆ ಓದಿದೆ. 'ಪುಟಾಣಿ ಆಟವಾಡಿ ಬಂದಳು. ಕೈ ತೊಳೆಯಲು ಮರೆತಳು. ಅಪ್ಪನನ್ನು ತಬ್ಬಿಕೊಂಡಳು.' ಮುಂದಿನ ಪುಟದಲ್ಲಿ ಅಪ್ಪ ಕೆಮ್ಮುತ್ತಾರೆ. ಅದರ ಮುಂದಿನದರಲ್ಲಿ ಗುಲಾಬಿ ಪಟ್ಟೆಯ ಆಂಬ್ಯುಲೆನ್ಸ್. ಅಲ್ಲಿಂದ ಪುಟ ಪುಟದಲ್ಲೂ ಪುಟಾಣಿ ಕೈ ತೊಳೆಯುತ್ತಾಳೆ, ಇಲ್ಲೂ ಅದೇ ಗುಳುಗುಳು ಗುಳ್ಳೆ. ಕೊನೆಯ ಪುಟ: 'ಪುಟಾಣಿ ಜಾಣೆಯಾದಳು. ನೋಡಿ, ಬಾಗಿಲಲ್ಲಿ ಯಾರು!' ಬಾಗಿಲಲ್ಲಿ ನನ್ನ ಗಂಡ. ಕೈಯಲ್ಲಿ ಬಲೂನು.

ಥೂ! ಇದಕ್ಕಿಂತ ಹೆಚ್ಚು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ, ನೀನು ಓದಬೇಕು. ಹೋದ ವಾರ ಮೆಣಸನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವಳ ಎರಡೂ ಕೈ ಬಿರಿದು ಗೆಣ್ಣುಗಳಲ್ಲಿ ರಕ್ತ ಜಿನುಗುತ್ತಿತ್ತು. ಅಲರ್ಜಿ ಅಂದುಕೊಂಡಿದ್ದೆ. ಡಾಕ್ಟರು ಮೂಸಿ ನೋಡಿ, "ಎಷ್ಟು ಸಲ ಸೋಪು ಹಾಕ್ತೀಯ ಪುಟ್ಟಾ?" ಎಂದರು. ಇವಳು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಇವತ್ತು ಈ ಪುಸ್ತಕ ಹಿಡಿದುಕೊಂಡು ಬಚ್ಚಲಿಗೆ ಹೋದರೆ ಸ್ಟೂಲಿನ ಮೇಲೆ ನಿಂತು ಉಜ್ಜಿಕೊಳ್ಳುತ್ತಿದ್ದಳು. ಪುಸ್ತಕ ನೋಡಿದವಳು ಅಳಲಿಲ್ಲ, ಹೆದರಲಿಲ್ಲ. ಕೇಳಿದಳು:

"ಇನ್ನೂ ಎಷ್ಟು ದಿನ ತೊಳೀಬೇಕಮ್ಮ? ಆ ಹುಡುಗಿಗೆ ಬೇಗ ಆಗೋಯ್ತು."

ಅಪ್ಪ ತೀರಿಕೊಂಡರು ಎಂದು ಅವಳಿಗೆ ಗೊತ್ತು. ನಾನೇ ಹೇಳಿದ್ದೆ. ಆದರೆ ಅವಳು ಕಂಡದ್ದೇನು? ತಾವೇ ಮೆಟ್ಟಿಲಿಳಿದು, ತಿರುಗಿ ಕೈ ಬೀಸಿ ಆಂಬ್ಯುಲೆನ್ಸ್ ಹತ್ತಿದ ಅಪ್ಪ. ಅಷ್ಟೇ. ಆಮೇಲೆ ಆಸ್ಪತ್ರೆಯವರು ಮುಖ ತೋರಿಸಲಿಲ್ಲ, ಮೈ ತೋರಿಸಲಿಲ್ಲ, ನನಗೇ ತೋರಿಸಲಿಲ್ಲ. ಈಗ ಅವಳ ಚಿಕ್ಕಮ್ಮ ಅದೇ ಮುಖವನ್ನು ಬಾಗಿಲಲ್ಲಿ ತಂದು ನಿಲ್ಲಿಸಿದ್ದಾಳೆ, ಅಚ್ಚುಹಾಕಿಸಿ, ಬಹುಮಾನ ತಗೊಂಡು. ಹೇಗೆ ನಂಬದೆ ಇರಬೇಕು ಮಗು?

ಎಲ್ಲ ಪುಸ್ತಕಗಳನ್ನೂ ಮತ್ತೊಮ್ಮೆ ತೆಗೆದು ನೋಡಿದೆ. ಹೋದ ಸಲ ನನಗೇಕೆ ಕಾಣಲಿಲ್ಲವೋ! ಒಂದೊಂದರಲ್ಲೂ ತಪ್ಪು ಮಾಡುವುದು ಮಗುವೇ. ಮಾಸ್ಕ್ ಬಿಚ್ಚುವ ಮೊಲದ ಮರಿ, ಹೊರಗೆ ಓಡುವ ಕರಡಿಯ ಮರಿ. ಇಡೀ ಲೋಕ ಕೈಚೆಲ್ಲಿ ಕೂತದ್ದಕ್ಕೆ ಕೊನೆಗೆ ತಪ್ಪು ಹೊರಿಸಲು ಸಿಕ್ಕಿದ್ದು ನಾಲ್ಕು ವರ್ಷದ ಕೈಗಳು. ಹೇಸಿಗೆ ಅಂದರೆ ಇದು.

ಫೋನ್ ಮಾಡಬೇಡ. ಬರಬೇಡ.

ಅಕ್ಕ


ಜುಲೈ ೮

ಅಕ್ಕಾ,

ಏನೆಂದು ಬರೆಯಲಿ. ನಿನ್ನ ಕಾಗದ ಓದಿದ ಮೇಲೆ ಊಟ ಸೇರುತ್ತಿಲ್ಲ.

ಭಾವ ಪುಸ್ತಕದಲ್ಲಾದರೂ ಮನೆಗೆ ಬರಲಿ ಅನಿಸಿತು. ಅಷ್ಟೇ ಕಣೇ. ನಿನಗೆ ಅದನ್ನು ನೋಡಿ ಸಂತೋಷವಾಗಬಹುದು ಎಂದುಕೊಂಡಿದ್ದೆ. ಈಗ ಬರೆಯುವಾಗ ನನಗೇ ನಾಚಿಕೆ.

ಒಂದು ಮಾತು ನಿನಗೆ ಗೊತ್ತಿರಲಿ. ಮೊದಲು ನಾನು ಬರೆದ ಆಸ್ಪತ್ರೆಯ ಪುಟ ಬೇರೆ ಇತ್ತು. ನೀನು ಹೇಳಿದ್ದೆಯಲ್ಲ, ಉಸಿರಾಡಲು ಅನುಕೂಲ ಅಂತ ಅವರನ್ನು ಬೋರಲಾಗಿ ಮಲಗಿಸಿದ್ದರು, ನರ್ಸ್ ವಿಡಿಯೋ ಕಾಲ್ ಮಾಡಿ ಕಿವಿಯ ಹತ್ತಿರ ಮೊಬೈಲ್ ಹಿಡಿದಾಗ ನಿನಗೆ ಕಂಡದ್ದು ಕತ್ತಿನ ಹಿಂಭಾಗ ಮಾತ್ರ ಅಂತ. ಅದನ್ನೇ ಬರೆದೆ. ದಿಂಬು, ಕತ್ತು, ಒಂದು ಕೈಗ್ಲೌಸು, ಮೊಬೈಲು. ಗುಲಾಬಿ ಮೇಡಂ ಹಾಳೆಯನ್ನು ತಲೆಕೆಳಗು ಮಾಡಿ ನೋಡಿದರು. "ಇವ್ರ್ಯಾಕೆ ಹೀಗೆ ಬಿದ್ಕೊಂಡಿದ್ದಾರೆ? ಮಕ್ಕಳು ಹೆದರ್ಕೊಳಲ್ವಾ? ಎಬ್ಬಿಸಿ ಕೂರ್ಸಿ, ನಗ್ಸಿ" ಎಂದರು. ಎಬ್ಬಿಸಿ ಕೂರಿಸಿದೆ. ಎಬ್ಬಿಸಿ ಕೂರಿಸಿದ ಮೇಲೆ ಮನೆಗೂ ಕರೆದುಕೊಂಡು ಬರುವುದು ಏನು ದೊಡ್ಡ ಕೆಲಸ.

ಆ ಮೊದಲಿನ ಚಿತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಮೆಣಸಿಗೆ ತೋರಿಸಬೇಕು ಅನಿಸಿದರೆ ತೋರಿಸು, ಇಲ್ಲದಿದ್ದರೆ ಹರಿದುಹಾಕು.

ಪುಸ್ತಕ ವಾಪಸ್ ತೆಗೆದುಕೊಳ್ಳಿ ಎಂದು ಕೇಳಲು ನಾಳೆಯೇ ಹೋಗುತ್ತೇನೆ. ನೀನು ಅವಳಿಗೆ ನೇರವಾಗಿ ಹೇಳಿಬಿಡು ಅಕ್ಕಾ, ಅದು ಬರೀ ಕಥೆ, ಅಪ್ಪನಿಗೆ ಕಾಯಿಲೆ ಬಂದದ್ದು ಅಂಗಡಿಯಲ್ಲಿ, ನಿನ್ನಿಂದಲ್ಲ ಅಂತ. ಔಷಧಿ ಅಂಗಡಿ, ಊರಿನ ರೋಗಿಗಳೆಲ್ಲ ಬರುವ ಜಾಗ. ಅಷ್ಟು ಹೇಳಿದರೆ ಮುಗಿಯಿತಲ್ಲವೇ?

ತಂಗಿ


ಜುಲೈ ೨೦

ಮುಗಿಯಿತಂತೆ!

ನೀನು ಮರೆತಿದ್ದೀಯೋ, ಮರೆತ ಹಾಗೆ ಮಾಡುತ್ತಿದ್ದೀಯೋ? ಆ ವಾರ ನಾನು ನಿನಗೆ ಮಾಡಿದ ಮೊದಲನೆಯ ಫೋನ್ ಯಾರ ಜ್ವರದ ಬಗ್ಗೆ? ನಿನ್ನ ಭಾವನ ಬಗ್ಗೆ ಅಲ್ಲ. ಮಗುವಿಗೆ ಮೈ ಬಿಸಿ, ಸಿರಪ್ ಕುಡಿಸಿದ್ದೇನೆ, ಇವರು ಪಕ್ಕದಲ್ಲಿ ಕೂತು ಒದ್ದೆ ಬಟ್ಟೆ ಹಾಕುತ್ತಿದ್ದಾರೆ ಎಂದಿದ್ದೆ. ಅವಳಿಗೆ ಎರಡು ದಿನದಲ್ಲಿ ಬಿಟ್ಟುಹೋಯಿತು, ಮೂರನೆಯ ದಿನ ಆಡುತ್ತಿದ್ದಳು. ಆಮೇಲೆ ಅವರು ಜ್ವರ ಬಂದು ಮಲಗಿದರು. ಈ ಮಾತನ್ನು ಆ ಫೋನ್ ಆದ ಮೇಲೆ ನಾನು ಯಾರ ಹತ್ತಿರವೂ ಆಡಿಲ್ಲ. ನಿನ್ನ ಹತ್ತಿರವೂ. ನೀನೂ ಆಡಿಲ್ಲ. ಅದಕ್ಕೇ ನಾವಿಬ್ಬರೂ ಎರಡು ವರ್ಷದಿಂದ ಬರೀ ಪುಸ್ತಕ, ಬಣ್ಣ, ಹೆಡ್ ಮೇಡಂ ಎಂದು ಹರಟುತ್ತಿರುವುದು.

ಆದರೂ ನೀನು ಹೇಳಿದ ಹಾಗೆಯೇ ಹೇಳಿ ನೋಡಿದೆ. ಸುಳ್ಳು ಹೇಳುವುದು ಎಷ್ಟು ಸುಲಭ, ನಾಲಿಗೆಗೆ ಬೆಣ್ಣೆ ಹಚ್ಚಿದ ಹಾಗೆ ಬಂತು. "ಅಪ್ಪಂಗೆ ಅಂಗಡಿಯಲ್ಲಿ ಯಾರಿಂದಲೋ ಬಂತು ಕಣೇ, ನಿನ್ನಿಂದಲ್ಲ." ಮೆಣಸು ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

"ಮತ್ತೆ ನಂಗೆ ಯಾಕೆ ಫಸ್ಟು ಜ್ವರ ಬಂತು?"

ಅವಳಿಗೆ ನೆನಪಿದೆ! ಐದು ವರ್ಷದ ಮಗುವಿಗೆ ಏನು ನೆನಪಿರುತ್ತದೆ ಎಂದುಕೊಂಡಿದ್ದೆ. ಸಿರಪ್ಪಿನ ಬಣ್ಣ, ಅಪ್ಪ ಹಣೆಗೆ ಹಾಕುತ್ತಿದ್ದ ಒದ್ದೆ ಬಟ್ಟೆ ಯಾವುದು, ನಾನು ಬಾಗಿಲಲ್ಲಿ ನಿಂತು ಏನಂದೆ, ಎಲ್ಲ ನೆನಪಿದೆ. ಮೊದಲು ಬರೀ ಪುಸ್ತಕದ ಮೇಲೆ ನಂಬಿಕೆಯಿತ್ತು. ಈಗ ನಾನು ಸುಳ್ಳು ಹೇಳಿ ಸಿಕ್ಕಿಬಿದ್ದ ಮೇಲೆ ಪುಸ್ತಕವೇ ನಿಜ ಎಂದು ಗಟ್ಟಿಯಾಗಿಹೋಯಿತು.

ಅವತ್ತಿನಿಂದ ಅವಳು ನನ್ನನ್ನು ಮುಟ್ಟುತ್ತಿಲ್ಲ. ತಟ್ಟೆ ಕೊಟ್ಟರೆ ಮೇಜಿನ ಮೇಲಿಡು ಅನ್ನುತ್ತಾಳೆ. ರಸ್ತೆ ದಾಟುವಾಗ ನನ್ನ ಸೆರಗಿನ ತುದಿ ಹಿಡಿಯುತ್ತಾಳೆ, ಕೈ ಹಿಡಿಯುವುದಿಲ್ಲ. ಮಂಚದಲ್ಲಿ ಗೋಡೆಗೆ ಅಂಟಿಕೊಂಡು ಮಲಗಿ ನಡುವೆ ದಿಂಬು ಇಡುತ್ತಾಳೆ. ಯಾಕೆ ಎಂದು ಕೇಳಬೇಕಾಗಿಲ್ಲ. ಮನೆಯಲ್ಲಿ ಉಳಿದಿರುವುದು ನಾನೊಬ್ಬಳೇ. ನನ್ನನ್ನಾದರೂ ಉಳಿಸಿಕೊಳ್ಳೋಣ ಅಂತ.

ನೀನು ಕಳಿಸಿದ ಚಿತ್ರ ನೋಡಿದೆ. ಅದನ್ನೂ ನೀನು ಚೆಂದ ಮಾಡಿಬಿಟ್ಟಿದ್ದೀಯ. ಕತ್ತಿನ ಮೇಲೆ ಎಳೆಬಿಸಿಲು ಯಾಕೆ ಬಿದ್ದಿದೆ? ಫೋನಿನಲ್ಲಿ ಕಂಡ ಆ ವಾರ್ಡಿನಲ್ಲಿ ಕಿಟಕಿಯೇ ಇರಲಿಲ್ಲ. ಕೂದಲು ಬೆವರಿಗೆ ಜಡೆಗಟ್ಟಿತ್ತು. ಕಿವಿಯ ಹಿಂದೆ ಮಾಸ್ಕಿನ ದಾರ ಕೊರೆದು ಗಾಯವಾಗಿತ್ತು. ನಿನ್ನ ಕುಂಚ ನಿಜದ ಹತ್ತಿರ ಹೋಗುತ್ತದೆ, ಹತ್ತಿರ ಹೋದ ಕೂಡಲೇ ಅದಕ್ಕೆ ಪೌಡರ್ ಹಚ್ಚುತ್ತದೆ. ಹರಿದುಹಾಕಿಲ್ಲ. ತೋರಿಸುವುದೂ ಇಲ್ಲ.

ಅದೂ ಹೋಗಲಿ. ನನಗೆ ಎಲ್ಲಕ್ಕಿಂತ ಹೇಸಿಗೆ ಬಂದಿರುವುದು ನನ್ನ ಮೇಲೆ. ಶೆಲ್ಫ್ ತುಂಬ ಪುಸ್ತಕಗಳನ್ನು ಬೈಯುತ್ತಾ ಕೂತೆ. ನಾನು ಏನು ಮಾಡಿದ್ದೆ? ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಬಿಟ್ಟ ಜಾಗದಲ್ಲಿ ಯಾರೋ ಬಂದು ಬಲೂನು ಕಟ್ಟಿದರು.

ಅಕ್ಕ


ಆಗಸ್ಟ್ ೨

ಅಕ್ಕಾ,

ಮರೆತಿರಲಿಲ್ಲ. ಚಿತ್ರ ಬರೆಯುವಾಗಲೂ ನೆನಪಿತ್ತು. ಕಥೆ ಕೈಗೆ ಬಂದಾಗ ಪುಟಾಣಿ ಅಪ್ಪನನ್ನು ತಬ್ಬಿಕೊಳ್ಳುವ ಪುಟದಲ್ಲಿ ಒಂದು ಗಳಿಗೆ ಪೆನ್ಸಿಲ್ ನಿಂತದ್ದು ನಿಜ. ಇಂಥ ಪುಸ್ತಕಗಳಲ್ಲೆಲ್ಲ ಇರುವ ಪುಟವೇ ತಾನೇ ಎಂದು ಮುಂದಕ್ಕೆ ಹೋದೆ. ಮೆಣಸು ಓದುತ್ತಾಳೆ ಎಂದು ಹೊಳೆಯಲೇ ಇಲ್ಲ. ಮಕ್ಕಳ ಪುಸ್ತಕ ಮಾಡುವವಳಿಗೆ ಮನೆಯ ಮಗು ಹೊಳೆಯಲಿಲ್ಲ ನೋಡು.

ಗುಲಾಬಿ ಮೇಡಂ ಹತ್ತಿರ ಹೋಗಿದ್ದೆ. ಅವರ ಕೋಣೆಯಲ್ಲಿ ಈಗ ನಮ್ಮ ಪುಸ್ತಕದ ಆ ಕೊನೆಯ ಪುಟವನ್ನೇ ದೊಡ್ಡದು ಮಾಡಿ ಗೋಡೆಗೆ ಹಾಕಿದ್ದಾರೆ. ಭಾವನ ಕೆಳಗೆ ಕಾಫಿ ಮಷಿನ್. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಮೆಣಸಿನ ಕೈ, ಡಾಕ್ಟರು, ನಡುವಿನ ದಿಂಬು. ಅವರ ಕಣ್ಣಲ್ಲಿ ನೀರು ಬಂತು ಅಕ್ಕಾ, ನಿಜವಾದ ನೀರು. ಟಿಶ್ಯೂನಿಂದ ಒರೆಸಿಕೊಂಡರು. ಆಮೇಲೆ ಏನಂದರು ಗೊತ್ತಾ?

"ಎಷ್ಟು ಟಚಿಂಗ್ ಆಗಿದೆ! ಇದನ್ನೇ ಎರಡನೇ ಭಾಗ ಮಾಡೋಣ. ಪುಟಾಣಿ ಜಾಸ್ತಿ ಕೈ ತೊಳೀತಾಳೆ, ಅಮ್ಮ ಬಂದು ಮುಲಾಮು ಹಚ್ತಾಳೆ. ನೀವೇ ಮಾಡ್ಬೇಕು, ನಿಮ್ಮ ಹತ್ರ ಫೀಲ್ ಇದೆ."

ವಾಪಸ್ ತೆಗೆದುಕೊಳ್ಳುವ ಮಾತೇ ಇಲ್ಲವಂತೆ, ಶಾಲೆಗಳಿಗೆಲ್ಲ ಹೋಗಿಯಾಗಿದೆ. ಬೇಕಾದರೆ ಮುಂದಿನ ಮುದ್ರಣದಲ್ಲಿ 'ದೊಡ್ಡವರ ಜೊತೆ ಕೂತು ಓದಿ' ಎಂದು ಹಾಕುತ್ತಾರಂತೆ. ನನ್ನ ಹೆಸರನ್ನಾದರೂ ತೆಗೆಯಿರಿ ಎಂದೆ. "ಬಹುಮಾನ ಬಂದಿರೋದೇ ಚಿತ್ರಕ್ಕೆ, ಹೆಸರು ತೆಗೆಯೋದು ಹೇಗೆ?" ಎಂದು ನಕ್ಕರು. ಅಲ್ಲಿನ ಕೆಲಸ ಬಿಟ್ಟು ಬಂದೆ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ, ನನಗೆ ಗೊತ್ತು. ಪುಸ್ತಕ ಇದ್ದೇ ಇರುತ್ತದೆ.

ನಾನು ಬರಲಾ? ಅವಳಿಗೆ ನಾನೇ ಹೇಳುತ್ತೇನೆ, ನಾನೇ ಮಾಡಿದ ಸುಳ್ಳು ಎಂದು. ಇಲ್ಲವೇ ಒಂದು ಕೆಲಸ ಮಾಡುತ್ತೇನೆ: ಅವಳೊಬ್ಬಳಿಗೇ ಒಂದು ಪುಸ್ತಕ ಮಾಡಿಕೊಡುತ್ತೇನೆ. ಅಚ್ಚು ಗಿಚ್ಚು ಏನಿಲ್ಲ, ಕೈಯಲ್ಲೇ. ಈ ಸಲ ಪೌಡರ್ ಇಲ್ಲದೆ. ನೀನು ಹೇಳಿದ ಹಾಗೆ ಬರೆಯುತ್ತೇನೆ.

ತಂಗಿ


ಆಗಸ್ಟ್ ೯

ಪುಸ್ತಕ ಬೇಡ. ಒಂದು ಪುಸ್ತಕದ ಗಾಯಕ್ಕೆ ಇನ್ನೊಂದು ಪುಸ್ತಕದ ಪಟ್ಟಿ ಕಟ್ಟುವುದು ಬೇಡ. ಸದ್ಯಕ್ಕೆ ನೀನೂ ಬೇಡ. ಕೋಪದಿಂದಲ್ಲ. ಇದನ್ನು ನಾನೇ ಹೇಳಬೇಕು, ಹೇಗೆಂದು ಇನ್ನೂ ಗೊತ್ತಿಲ್ಲ.

ಶೆಲ್ಫ್ ಖಾಲಿ ಮಾಡಿದೆ. ಅಷ್ಟನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ ಟೇಪ್ ಸುತ್ತಿದೆ. ಹೆಡ್ ಮೇಡಂ ಬಂದು, "ನಿಮ್ಮ ಮನೇಲಿ ಕಷ್ಟ ಆಯ್ತು ಅಂತ ಎಲ್ಲ ಮಕ್ಕಳ ಖುಷಿ ಕಿತ್ಕೋತೀರಾ?" ಎಂದರು. ಈ ಶಾಲೆಯಲ್ಲಿ ಯಾವ ಯಾವ ಮಗುವಿನ ಮನೆಯಲ್ಲಿ ಯಾರು ಹೋದರು ನಿಮಗೆ ಗೊತ್ತಾ ಎಂದು ಕೇಳಿದೆ. ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಅದು ಬೇರೆ ಮಾತು. ಅವರು ಹೋದ ಮೇಲೆ ಅದೇ ಮನಸ್ಸಿಗೆ ಕೊರೆಯುತ್ತಾ ಕೂತಿತು.

ಮೆಣಸಿನ ಕೈ ಹಾಗೇ ಇದೆ.

ಅಕ್ಕ


ಸೆಪ್ಟೆಂಬರ್ ೫

ಗೀಚುಗಾತಿ,

ಹೇಳಿದೆ.

ಭಾನುವಾರ ಮಧ್ಯಾಹ್ನ. ಕೆಳಗಿನ ಮನೆಯವರ ವಾಷಿಂಗ್ ಮಷಿನ್ ಗುಡುಗುತ್ತಿತ್ತು. ಮುಲಾಮು ಹಚ್ಚುವ ಹೊತ್ತು. ಈಚೆಗೆ ಅದನ್ನೂ ತಾನೇ ಹಚ್ಚಿಕೊಳ್ಳುತ್ತಿದ್ದಳು, ಬಲಗೈಗೆ ಸರಿಯಾಗಿ ಆಗುತ್ತಿರಲಿಲ್ಲ. ನಾನು ಕೈ ಹಿಡಿದೆ. ಎಳೆದುಕೊಂಡಳು. ಬಿಡಲಿಲ್ಲ. "ಬಿಡಮ್ಮ, ಬಿಡಮ್ಮ" ಎಂದು ಚೀರಿದಳು, ಕಚ್ಚಲು ಬಂದಳು. ನೆಲದ ಮೇಲೆ ಇಬ್ಬರೂ ಹೊಡೆದಾಡಿದ ಹಾಗೇ ಆಯಿತು. ಕೊನೆಗೆ ಸೋತು ಕೂತಳು, ನಾನು ಆ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹೇಳಿದೆ. ಚಿತ್ರವಿಲ್ಲದೆ, ಬರೀ ಬಾಯಲ್ಲಿ.

"ನಾನು ಹೇಳಿದ್ದು ಸುಳ್ಳು. ಅಂಗಡಿಯಿಂದ ಬಂತೋ, ನನ್ನಿಂದ ಬಂತೋ, ನಿನ್ನಿಂದ ಬಂತೋ ಯಾರಿಗೂ ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ. ನಿನ್ನಿಂದ್ಲೂ ಬಂದಿರಬಹುದು."

ಅವಳು ಅಳಲಿಲ್ಲ. ಮುಖ ಸಡಿಲವಾಯಿತು. ಅಷ್ಟು ದಿನ ತಾನೊಬ್ಬಳೇ ಹೊತ್ತಿದ್ದನ್ನು ಯಾರೋ ಜೋರಾಗಿ ಅಂದದ್ದು ಅವಳಿಗೆ ಹಗುರವಾದ ಹಾಗೆ ಕಂಡಿತು.

"ನಿಂಗೆ ಜ್ವರ ಬಂದಾಗ ಅದೇ ಇರಬೇಕು ಅಂತ ಅಪ್ಪಂಗೆ ಗೊತ್ತಿತ್ತು. ಅವ್ರದ್ದೇ ಔಷಧಿ ಅಂಗಡಿ, ದಿನಾ ನೋಡ್ತಿದ್ರು. ಮಾಸ್ಕ್ ಹಾಕ್ಕೊಳ್ಳಿ, ದೂರ ಕೂತ್ಕೊಳ್ಳಿ ಅಂತ ನಾನು ಬಾಗಿಲಲ್ಲಿ ನಿಂತು ಕೂಗಿದೆ."

"ಗೊತ್ತು," ಎಂದಳು. "ಅಪ್ಪ ಅಂದ್ರು, ಮಗೂಗೆ ನನ್ನ ಮುಖ ಕಾಣ್ಬೇಕು ಕಣೇ, ಇಲ್ಲದಿದ್ರೆ ಹೆದರ್ಕೊಳುತ್ತೆ."

ನಾನು ಅವಳ ಬಲಗೈಗೆ ಮುಲಾಮು ಹಚ್ಚಲು ಶುರುಮಾಡಿದೆ.

"ಹೂಂ. ಅವ್ರೇ ಕೂತ್ರು. ನೀನೇನೂ ಮಾಡಿಲ್ಲ. ನಿಂಗೆ ಜ್ವರ ಬಂತು, ಅಷ್ಟೇ ನೀನು ಮಾಡಿದ್ದು. ಚಿಕ್ಕಮ್ಮ ಬರೆದಿರೋದು ಚಿಕ್ಕಮ್ಮನ ಆಸೆ. ಅಪ್ಪ ಸತ್ತುಹೋದ್ರು. ಎಷ್ಟು ಕೈ ತೊಳೆದ್ರೂ ಬರಲ್ಲ. ತೊಳೀದೆ ಇದ್ರೂ ಬರಲ್ಲ."

ಆಗ ಅತ್ತಳು. ಎರಡು ವರ್ಷದ್ದು ಒಟ್ಟಿಗೆ ಬಂತು. ಕೆಳಗಿನ ಮನೆಯವರು ಮಷಿನ್ ನಿಲ್ಲಿಸಿ ಮೇಲಕ್ಕೆ ಬಂದು, ಏನಾಯಿತು ಎಂದು ಬಾಗಿಲು ತಟ್ಟಿದರು. ಏನಿಲ್ಲ, ಅವಳಪ್ಪ ತೀರಿಕೊಂಡರು ಎಂದೆ. ಅವರು ತಬ್ಬಿಬ್ಬಾಗಿ ನಿಂತರು. ನಾನೂ ಅಳುತ್ತಿದ್ದೆ.

ಅತ್ತು ಮುಗಿದ ಮೇಲೆ ಮೂಗೊರೆಸಿಕೊಂಡು ಕೇಳಿದಳು: "ನಂಗೆ ಯಾರಿಂದ ಬಂತು?"

"ಗೊತ್ತಿಲ್ಲಮ್ಮ. ಲಿಫ್ಟಲ್ಲಿ ಯಾರೋ. ಪಾರ್ಕಲ್ಲಿ ಯಾರೋ. ಇನ್ನೊಂದು ಮಗೂನೇ ಇರಬಹುದು."

"ಅವ್ರಿಗೆ ಗೊತ್ತಾ?"

"ಇಲ್ಲ. ಅವ್ರಿಗೆ ಹೇಗೆ ಗೊತ್ತಾಗುತ್ತೆ?"

ಯೋಚಿಸಿದಳು. ಕಿಟಕಿಯಾಚೆ ಎದುರು ಕಟ್ಟಡದ ಕಡೆ ನೋಡುತ್ತಾ ಅಂದಳು: "ಅವ್ರೂ ಕೈ ತೊಳೀತಾ ಇರಬಹುದು, ಅಲ್ವಾ? ಸಾಕು ಅಂತ ಅವ್ರಿಗೆ ಹೇಳೋರ್ಯಾರಮ್ಮ?"

ಹಸಿವು ಎಂದಳು, ಊಟಕ್ಕೆ ಬಡಿಸಿದೆ.

ಎಲ್ಲ ಸರಿಹೋಯಿತು ಎಂದುಕೊಳ್ಳಬೇಡ. ಕೈ ಈಗಲೂ ತೊಳೆಯುತ್ತಾಳೆ, ಮೊದಲಿಗಿಂತ ಕಡಿಮೆ. ನಾನು ನೋಡಿದರೆ ನಿಲ್ಲಿಸುತ್ತಾಳೆ. ನಡುವಿನ ದಿಂಬು ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ನಿನ್ನೆ ರಸ್ತೆ ದಾಟುವಾಗ ನನ್ನ ಕಿರುಬೆರಳು ಹಿಡಿದುಕೊಂಡಳು.

ಇನ್ನೊಂದು ಮಾತು, ಇದಕ್ಕಾಗಿಯೇ ಈ ಕಾಗದ. ಅವಳು ಕಿಟಕಿಯ ಹತ್ತಿರ ಅಂದ ಆ ಮಾತನ್ನು ಓದಿದ ಕೂಡಲೇ ನಿನ್ನ ಕೈ ಪೆನ್ಸಿಲ್ ಹುಡುಕಿರುತ್ತದೆ. ನಿನ್ನನ್ನು ಹುಟ್ಟಿದಾಗಿನಿಂದ ಬಲ್ಲೆ. ಎದುರು ಕಟ್ಟಡ, ಒಂದು ಕಿಟಕಿಯಲ್ಲಿ ದೀಪ, ನಲ್ಲಿಯ ಕೆಳಗೆ ಇನ್ನೊಂದು ಮಗುವಿನ ಕೈ. ಚೆಂದ ಬರುತ್ತದೆ. ಬಹುಮಾನವೂ ಬರುತ್ತದೆ. ಜನ ಟಿಶ್ಯೂ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ಮುಟ್ಟಬೇಡ. ಅದು ಅವಳು ನನಗೆ ಕೇಳಿದ ಪ್ರಶ್ನೆ, ಪುಸ್ತಕದ ಕೊನೆಯ ಪುಟವಲ್ಲ.

ಅವಳು ನಿನ್ನನ್ನು ನೋಡಬೇಕು ಎನ್ನುತ್ತಿದ್ದಾಳೆ. ಬಾ. ಬಣ್ಣದ ಪೆಟ್ಟಿಗೆ ತರಬೇಡ, ಕೈ ಬೀಸಿಕೊಂಡು ಬಾ.

ನಿನ್ನ ಅಕ್ಕ